ಫಕ್ರುದ್ದೀನನ ಅರ, ಬಚ್ಚಲಮನೆಯ ಚಿಲಕ

ಒಂದೂರಲ್ಲಿ ಒಬ್ಬ ರಾಜ, ಅವನಿಗೊಂದು ಮಾಯದ ಕತ್ತಿ ಎಂದೇ ಕತೆ ಶುರುವಾಗಬೇಕು. ಏನು ಮಾಡೋಣ, ಊರು ಚನ್ನಪಟ್ಟಣ, ರಾಜ ಬೊಂಬೆ ಮಾಡುವ ಫಕ್ರುದ್ದೀನ್, ಕತ್ತಿಯ ಜಾಗದಲ್ಲಿ ಹಲ್ಲೆಲ್ಲ ಸವೆದ ಒಂದು ಅರ. ಅದರಲ್ಲಿ ಉಜ್ಜಿದರೆ ಕಬ್ಬಿಣಕ್ಕೆ ಕಚಗುಳಿಯಾಗುತ್ತಿತ್ತೇ ಹೊರತು ಪುಡಿ ಉದುರುತ್ತಿರಲಿಲ್ಲ.

ಮಗಳು ಅಸ್ರಾಳನ್ನು ನೋಡಲು ಅವತ್ತು ಸಂಜೆ ಕನಕಪುರದಿಂದ ಗಂಡಿನ ಕಡೆಯವರು ಬರುವವರಿದ್ದರು. ಬಚ್ಚಲಮನೆಯ ಚಿಲಕವೋ ದಪ್ಪವಾಗಿ, ತೂತಿನೊಳಗೆ ಹೋಗುತ್ತಲೇ ಇರಲಿಲ್ಲ. ಬಚ್ಚಲ ಬಾಗಿಲೇ ನಿಲ್ಲದ ಮನೆಯಲ್ಲಿ ಸಂಬಂಧ ನಿಲ್ಲುತ್ತದೆಯೇ ಎಂಬುದು ಹೆಂಡತಿ ಗುಲ್ಜಾರ್ ಬೀಯ ಚಿಂತೆ.

“ಸಂಜೆ ಒಳಗೆ ಆ ಬಾಗ್ಲು ಗಟ್ಟಿಯಾಗಿ ಮುಚ್ಚಬೇಕು ನೋಡ್ರೀ.”

“ಮುಚ್ಚತೈತೆ. ನನ್ನ ಮಾತು.”

ಪಕ್ಕದ ಮನೆ ಚೆಲುವಯ್ಯ ತನ್ನ ಹೊಸ ಅರ ತಂದು ಚಾಚಿದ. ಆದರೆ ತನ್ನ ಕೈಯಲ್ಲಿ ಯಾವ ಅರವೂ ಸಾಯುವುದಿಲ್ಲವೆಂದು ಟೀ ಅಂಗಡಿಯಲ್ಲಿ ಕೊಚ್ಚಿಕೊಂಡ ಫಕ್ರುದ್ದೀನ್ ಎರವಲು ಮುಟ್ಟುತ್ತಾನೆಯೇ? ಅರ ಬೇಡವೆಂದರೆ ಬೇಡ, ಸಲಹೆಯನ್ನಾದರೂ ಕೊಡದೆ ಹೋದರೆ ಚೆಲುವಯ್ಯ ಎಂಥ ನೆರೆಯವನು! ಹಲ್ಲಿನ ಸಂದಿಯಲ್ಲಿ ಬೊಂಬೆಯ ಅರಗು ಮೆತ್ತಿದೆ, ಕುದಿನೀರಿಗೆ ಹಾಕು ಎಂದ. ಮನೆಯಲ್ಲಿ ಕುದಿಯುತ್ತಿದ್ದದ್ದು ಬಿರಿಯಾನಿಯ ನೀರೊಂದೇ. ಅರ ಒಳಗಿಳಿಯಿತು, ಅರಗು ಮೇಲೆದ್ದಿತು, ನೀರು ಬೊಂಬೆಯ ಲಂಗದಂತೆ ಕೆಂಪು ಹಸಿರಾಯಿತು. ಗುಲ್ಜಾರ್ ಬೀ ಆಡಿದ್ದನ್ನು ಬರೆದರೆ ಕಾಗದ ಸುಟ್ಟೀತು.

ಅಷ್ಟರಲ್ಲಿ ಗ್ಯಾರೇಜಿನ ಅತೀಕ್ ಬ್ಯಾಟರಿ ಆ್ಯಸಿಡ್ಡಿನ ಬಾಟಲಿ ಹಿಡಿದು ಹಾಜರು.

“ಆ್ಯಸಿಡ್ ಒಸಿ ಕಚ್ಚಿದ್ರೆ ಹಲ್ಲು ತಾನಾಗೇ ಚೂಪಾಯ್ತವೆ ಭಾಯ್.”

“ಅರದ ಹಲ್ಲೋ, ನಿನ್ನ ಹಲ್ಲೋ?” ಎಂದ ಚೆಲುವಯ್ಯ.

ಇಬ್ಬರೂ ಜಗಳಕ್ಕೆ ನಿಂತರು. ಫಕ್ರುದ್ದೀನ್ ಸಿಕ್ಕಿದ ಪಾತ್ರೆಗೆ ಆ್ಯಸಿಡ್ ಸುರಿದು ಅರವನ್ನು ಮುಳುಗಿಸಿದ. ಅದು ನೆಂಟರಿಗೆಂದು ಫಳಫಳ ಉಜ್ಜಿಟ್ಟಿದ್ದ ಚೊಂಬು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಚೊಂಬು ಕುಷ್ಠ ಹಿಡಿದಂತಾಗಿತ್ತು, ಅರ ಮಾತ್ರ ಮೊಸಳೆಯಾಗಿತ್ತು. ಪರೀಕ್ಷೆಗೆಂದು ಹೆಬ್ಬೆರಳು ಒಡ್ಡಿದ ಚೆಲುವಯ್ಯನ ಉಗುರಿನ ತುದಿ ಮಾಯ.

ಫಕ್ರುದ್ದೀನ್ ಬಚ್ಚಲಮನೆ ಹೊಕ್ಕು ಬಾಗಿಲೆಳೆದುಕೊಂಡು ಚಿಲಕ ಉಜ್ಜಿದ. ರಾಗಿಹಿಟ್ಟಿನಂತೆ ಪುಡಿ ಉದುರಿತು. ಚಿಲಕ ನೂಕಿದ. ಟಕ್ಕೆಂದು ಒಳಗೆ ಹೋಯಿತು. ಮೀಸೆ ತಿರುವಿ ಹಿಂದಕ್ಕೆಳೆದ. ಬರಲಿಲ್ಲ. ಅರ ಚಿಲಕದ ಮೇಲೆ ಎಬ್ಬಿಸಿದ ಮುಳ್ಳಿನಂಥ ತರಿ ತೂತಿನಲ್ಲಿ ಕಚ್ಚಿಕೊಂಡಿತ್ತು.

ಹೊರಗೆ ಕಾರು ನಿಂತ ಸದ್ದು. ಗಂಡಿನ ಅಜ್ಜಿ, ಹುಡುಗಿಯ ಅಪ್ಪ ಎಲ್ಲಿ ಎಂದು ಕೇಳಿದ್ದು ಕಿವಿಗೆ ಬಿತ್ತು. ಗಂಡ ಕೆಲಸ ತಪ್ಪಿಸಿಕೊಂಡು ಪರಾರಿಯಾಗಿದ್ದಾನೆಂದೇ ನಂಬಿದ್ದ ಗುಲ್ಜಾರ್ ಬೀ ನಯವಾಗಿ ಹೇಳಿದಳು: “ಮಿಠಾಯಿ ತರಾಕೆ ಬಿಡದಿಗೆ ಹೋಗವ್ರೆ.”

ಈಗ ಕೂಗಿದರೆ ಹೆಂಡತಿ ಸುಳ್ಳಿ, ತಾನು ಬಚ್ಚಲಲ್ಲಿ ಸಿಕ್ಕಿಬಿದ್ದ ಬೀಗ. ಮಗಳ ಮದುವೆ ಮೋರಿ ಸೇರುತ್ತದೆ. ಉಸಿರು ಬಿಗಿಹಿಡಿದು ಚಿಲಕವನ್ನೇ ಕೊಯ್ಯತೊಡಗಿದ. ಗರ್, ಗರ್. ನೆಂಟರು ಕಿವಿ ನಿಮಿರಿಸಿದರು. ಪಕ್ಕದ ಮನೆಯಲ್ಲಿ ಬೊಂಬೆ ಮಾಡುತ್ತಿದ್ದಾರೆಂದು ಅಸ್ರಾ ಸಮಾಧಾನ ಹೇಳಿದಳು. ಅರ ಎಷ್ಟು ಹರಿತವಾಗಿತ್ತೆಂದರೆ, ಚಿಲಕ ಎರಡು ತುಂಡಾಗಲು ಒಂದು ಲೋಟ ಟೀ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಬಾಗಿಲು ನೂಕಿ ಹೊರಬಂದರೆ ಎದುರಿಗೇ ಗಂಡಿನ ಅಜ್ಜಿ, ಬಹಳ ಅವಸರದಲ್ಲಿ. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಳಗೆ ನುಗ್ಗಿದಳು. ಬಾಗಿಲಿನ ಹಿಂದೆ ಕೈ ತಡಕಾಡಿದ ಸದ್ದು.

“ಬೇಟಾ, ಇದ್ರ ಚಿಲಕ ಎಲ್ಲಪ್ಪ?”

ಫಕ್ರುದ್ದೀನ್ ಬೆನ್ನನ್ನು ಬಾಗಿಲಿಗೆ ಕೊಟ್ಟು, ಎರಡೂ ಕಾಲನ್ನು ನೆಲಕ್ಕೊತ್ತಿ ನಿಂತ. ನಡುಮನೆಯಿಂದ ಗಂಡಿನ ಕಡೆಯವರು ಹುಡುಗಿಯ ಅಪ್ಪನನ್ನು ಕಣ್ತುಂಬ ನೋಡಿದರು. ಗುಲ್ಜಾರ್ ಬೀಯೂ ನೋಡಿದಳು.

ಬಾಗಿಲು ಗಟ್ಟಿಯಾಗಿ ಮುಚ್ಚಿತ್ತು.