ಬಿಟ್ಟಿ ನಿಘಂಟಿನ ಸಿಹಿ ಅಂಟು

ಟಣ್, ಟಣ್, ಟಣ್. ಎದುರು ಸಾಲಿನ ತಗಡಿನ ಅಂಗಡಿಯವನು ದಿನದ ಮೊದಲ ಬಕೆಟ್ಟಿನ ಬುಡ ತಟ್ಟಲು ಶುರುಮಾಡಿದ ಹೊತ್ತಿಗೆ ಸರಿಯಾಗಿ, ಎರಡನೆಯ ಮಹಡಿಯ ಆ ಮನೆಯಲ್ಲಿ ಒಂದು ಘೋಷಣೆ ಹೊರಬಿತ್ತು.

"ಒಂದು ಪದದ ಅರ್ಥಕ್ಕೆ ನಾನು ಒಂದು ಬಿಡಿಗಾಸೂ ಕೊಡಲ್ಲ. ಬೇಕಾದ್ರೆ ಬರೆದಿಟ್ಕೊಳ್ಳಿ."

ಘೋಷಿಸಿದವಳು ಮನೆಯ ಸೊಸೆ. ಈಗ ಯಾರೂ ಆಡದ ಒಂದು ಹಳೆಯ ಭಾಷೆಯ ಕಾಗದಪತ್ರಗಳನ್ನು ಇಂದಿನವರಿಗೆ ತಿಳಿಯುವಂತೆ ಅನುವಾದಿಸಿ ಕೊಡುವುದು ಅವಳ ಕಸುಬು. ಕೇಳಿಸಿಕೊಂಡವರು ಇಬ್ಬರು. ಒಬ್ಬ ಅವಳ ಗಂಡ. ಪ್ರಯೋಗಾಲಯವೊಂದರಲ್ಲಿ ಕೂತು ಊರವರ ಬಾಯಿಗೆ ಕಟ್ಟುಹಲ್ಲು ತಯಾರಿಸುವವನು. ಇನ್ನೊಬ್ಬರು ಅತ್ತೆ, ತಂತಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಅವರು ತೊಡೆಯ ಮೇಲಿನ ಟ್ಯಾಬ್ಲೆಟ್ಟಿನಿಂದ ತಲೆ ಎತ್ತಲಿಲ್ಲ. ಅವರು ಹಗಲಿಡೀ ಅದರಲ್ಲಿ ಬಣ್ಣದ ಗೋಲಿ ಒಡೆಯುವ ಆಟ ಆಡುತ್ತಾರೆಂದು ಮನೆಮಂದಿ ತಿಳಿದಿದ್ದರು. ಹೊತ್ತು ಹೋಗಲಿ, ಪಾಪ, ಎಂದು ಸುಮ್ಮನಿದ್ದರು.

ಘೋಷಣೆಗೆ ಕಾರಣ ಒಂದು ಪತ್ರ. ಆ ಹಳೆಯ ಭಾಷೆಗೆ ಇಪ್ಪತ್ತನಾಲ್ಕು ಸಂಪುಟಗಳ ಮಹಾ ನಿಘಂಟೊಂದಿತ್ತು. ಮೂರು ತಲೆಮಾರಿನ ಪಂಡಿತರು ಕಣ್ಣು ಮಂಜಾಗಿಸಿಕೊಂಡು ಕಟ್ಟಿದ್ದು. ಈಗ ಅದೆಲ್ಲ ಅಂತರ್ಜಾಲಕ್ಕೆ ಏರಿ, ಬಾಗಿಲಿಗೊಂದು ಬೀಗ ಬಿದ್ದಿತ್ತು. ವರ್ಷದ ಚಂದಾ ಕಟ್ಟಿದರೆ ಬೀಗ ತೆಗೆಯುತ್ತೇವೆಂದು ಪತ್ರ ವಿನಯದಿಂದ ತಿಳಿಸಿತ್ತು. ಆ ಚಂದಾ ಅವಳ ಎರಡು ತಿಂಗಳ ದುಡಿಮೆ. ವಿನಯಕ್ಕೆ ಇಷ್ಟು ಬೆಲೆಯೇ ಎಂದು ಅವಳಿಗೆ ರೇಗಿತ್ತು.

ಗಂಡ ಚಹಾ ಮುಗಿಸಿ, ತನ್ನ ಕಸುಬಿನ ಅನುಭವದಿಂದ ಒಂದೇ ಮಾತು ಹೇಳಿದ. "ಹಲ್ಲು ಕೂಡ ಎರಡು ಥರ ಸಿಗುತ್ತೆ ಕಣೆ. ಅಗ್ಗದ್ದು ನಗೋವಾಗ ಚೆನ್ನಾಗೇ ಕಾಣುತ್ತೆ. ಕಚ್ಚೋವಾಗ ಗೊತ್ತಾಗುತ್ತೆ."

"ನಾನು ಪದಗಳನ್ನ ಕಚ್ಚಲ್ಲ, ಓದ್ತೀನಿ," ಎಂದಳು ಅವಳು.

ಅವಳ ಧೈರ್ಯಕ್ಕೆ ಬೆನ್ನಾಗಿ ನಿಂತಿದ್ದು ಒಂದು ಬಿಟ್ಟಿ ನಿಘಂಟು. ಲೋಕದ ಆಸಕ್ತರೆಲ್ಲ ಸೇರಿ ಕಟ್ಟುವ ತಾಣ. ಯಾರು ಬೇಕಾದರೂ ಪದ ಸೇರಿಸಬಹುದು. ಸೇರಿಸಿದವರಿಗೆ ಪದಕ್ಕೊಂದು ನಕ್ಷತ್ರ. ಅಲ್ಲಿ 'ಪದಭಂಡಾರಿ' ಎಂಬ ಗುಪ್ತನಾಮದ ಮಹನೀಯರೊಬ್ಬರಿದ್ದರು. ಅವಳ ಪಾಲಿಗೆ ಅವರು ಬರಿಯ ಮನುಷ್ಯರಲ್ಲ, ನಡೆದಾಡುವ ಗ್ರಂಥಾಲಯ. ಇವತ್ತು ಅವಳು ಒಂದು ಪದಕ್ಕೆ ಅರ್ಥ ಸಿಗದೆ ತಲೆ ಕೆರೆದುಕೊಂಡರೆ, ಮುಂದಿನ ವಾರ ಅದೇ ಪದ, ಅವಳು ಊಹಿಸಿದ್ದ ಅದೇ ಅರ್ಥದೊಡನೆ ಅಲ್ಲಿ ಕೂತಿರುತ್ತಿತ್ತು. ತನ್ನ ಊಹೆ ಯಾವಾಗಲೂ ಸರಿಯಾಗಿರುತ್ತದೆಂದು ಅವಳಿಗೆ ತನ್ನ ಮೇಲೂ ಅಭಿಮಾನ ಉಕ್ಕುತ್ತಿತ್ತು. ತಾಣದ ಮೂಲಕ ಅವರಿಗೆ ಆಗಾಗ ಪತ್ರ ಬರೆಯುತ್ತಿದ್ದಳು: 'ಪೂಜ್ಯ ಗುರುಗಳೇ, ತಾವು ಎಲ್ಲಿರುವಿರೋ ಕಾಣೆ. ನನ್ನ ಕತ್ತಲ ಕೋಣೆಗೆ ತಾವೇ ಕಿಟಕಿ.' ಕೆಳಗೆ 'ಕೃತಜ್ಞ ಓದುಗ' ಎಂಬ ಸಹಿ. ಗುರುಗಳು ಚುಟುಕಾಗಿ ಉತ್ತರಿಸುತ್ತಿದ್ದರು: 'ಪತ್ರ ತಲುಪಿತು. ಕ್ಷೇಮ.' ದೊಡ್ಡವರು ಮಿತಭಾಷಿಗಳು ಎಂದು ಅವಳು ಕಣ್ಣೊತ್ತಿಕೊಂಡಿದ್ದಳು.

ಅದೇ ತಿಂಗಳು ಊರಿನ ಗ್ರಂಥಾಲಯದಿಂದ ಅವಳಿಗೆ ಒಂದು ಕೆಲಸ ಬಂತು. ನೂರೈವತ್ತು ವರ್ಷದ ಹಿಂದೆ ಅಲ್ಲಿದ್ದ ಬೈಂಡರನೊಬ್ಬ ತನ್ನ ವಿದ್ಯೆಯನ್ನೆಲ್ಲ ಹನ್ನೆರಡು ನೋಟುಪುಸ್ತಕಗಳಲ್ಲಿ ಬರೆದಿಟ್ಟು ಹೋಗಿದ್ದ. ಅವನು ಕಟ್ಟಿದ ರಟ್ಟು ಇಂದಿಗೂ ಕದಲಿಲ್ಲ. ಆ ಗುಟ್ಟು ತಿಳಿದರೆ ಹರಿದ ಹಳೆಯ ಸಂಪುಟಗಳನ್ನು ಹಾಗೆಯೇ ಕಟ್ಟಿಸಬಹುದೆಂದು ಗ್ರಂಥಪಾಲಕರ ಆಸೆ. ಮೊದಲನೆಯದನ್ನು ಅನುವಾದಿಸಿ ಕೊಡಿ, ಸರಿಯಾಗಿದ್ದರೆ ಉಳಿದ ಹನ್ನೊಂದೂ ನಿಮಗೇ ಎಂದಿದ್ದರು. ಹನ್ನೊಂದು ನೋಟುಪುಸ್ತಕವೆಂದರೆ ವರ್ಷವಿಡೀ ಕೆಲಸ. ಕರಪತ್ರ, ಔಷಧದ ಚೀಟಿ, ಯಾರದೋ ಮುತ್ತಜ್ಜನ ಉಯಿಲು ಎಂದು ಚೂರುಪಾರು ಅನುವಾದಿಸಿ ಬೇಸತ್ತಿದ್ದವಳಿಗೆ, ಮುಖಪುಟದಲ್ಲಿ ತನ್ನ ಹೆಸರಿರುವ ಹನ್ನೆರಡು ಪುಸ್ತಕಗಳ ಸಾಲು ಕಣ್ಣಿಗೆ ಕಟ್ಟಿತು.

ಬೈಂಡರನ ಅಂಟು ಒಂಬತ್ತನೆಯ ಪುಟದಲ್ಲಿತ್ತು. ಹಿಟ್ಟು, ನೀರು, ಸಣ್ಣ ಉರಿ. ಆಮೇಲೆ ಎರಡು ಹಿಡಿ ಏನನ್ನೋ ಕುಟ್ಟಿ ಹಾಕು ಎಂದಿತ್ತು. ಆ 'ಏನೋ' ನಾಲ್ಕಕ್ಷರದ ಒಂದು ಪದ. ಅದನ್ನಿಲ್ಲಿ ಬರೆಯುವುದು ಬೇಡ, ಅದು ಮಾಡಿದ ಅವಾಂತರವೇ ಸಾಕು. ಬೆಳ್ಳಗಿರುತ್ತದೆ, ಗಾಜಿನಂತೆ ಹೊಳೆಯುತ್ತದೆ, ಗಟ್ಟಿಯ ಹರಳು, ನೀರಿನಲ್ಲಿ ಕರಗುತ್ತದೆ ಎಂದು ಪುಣ್ಯಾತ್ಮ ವರ್ಣಿಸಿದ್ದ. ಬಿಟ್ಟಿ ನಿಘಂಟಿನಲ್ಲಿ ಹುಡುಕಿದಳು. 'ಈ ಪದಕ್ಕೆ ಇನ್ನೂ ಯಾರೂ ಅರ್ಥ ಸೇರಿಸಿಲ್ಲ' ಎಂದಿತು. ಬೆಳ್ಳಗಿನ ಹರಳು, ಹೊಳೆಯುತ್ತದೆ, ಕರಗುತ್ತದೆ. ಕರಡು ಹಾಳೆಯಲ್ಲಿ ಪದ ಬರೆದು ಎದುರಿಗೆ 'ಕಲ್ಲುಸಕ್ಕರೆ?' ಎಂದು ಗುರುತು ಹಾಕಿಕೊಂಡಳು.

ಎಂಟು ದಿನದ ಮೇಲೆ ಮತ್ತೆ ನೋಡುತ್ತಾಳೆ, ಪದಭಂಡಾರಿಗಳು ಅರ್ಥ ಕರುಣಿಸಿದ್ದಾರೆ: ಕಲ್ಲುಸಕ್ಕರೆ. ಪ್ರಶ್ನೆ ಚಿಹ್ನೆ ಇಲ್ಲ. ಅವಳು ಕೂತಲ್ಲೇ ಕೈ ಮುಗಿದಳು. ಅನುವಾದ ಗ್ರಂಥಾಲಯ ಸೇರಿತು. ಅಲ್ಲಿನ ಬೈಂಡರು, ಎಪ್ಪತ್ತರ ಗಡಿ ದಾಟಿದ ಹಿರಿಯರು, ಕಲ್ಲುಸಕ್ಕರೆ ಎಂಬುದನ್ನು ಎರಡು ಸಲ ಓದಿ ಹುಬ್ಬೇರಿಸಿದರಂತೆ. ಆದರೆ ಗ್ರಂಥಪಾಲಕರು ಬರಹದಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಮಾಡಬೇಕೆಂದು ಆಜ್ಞಾಪಿಸಿದರು. ಒಂದು ಹಂಡೆ ಅಂಟು ಕುದಿಯಿತು. ನಲವತ್ತು ಸಂಪುಟಗಳು ಹೊಸ ರಟ್ಟು ತೊಟ್ಟು, ಮದುಮಕ್ಕಳಂತೆ ಕಪಾಟಿನಲ್ಲಿ ಸಾಲಾಗಿ ನಿಂತವು.

ಐದನೆಯ ದಿನ ಗ್ರಂಥಪಾಲಕರ ಫೋನು ಬಂತು. ದನಿ ಶಾಂತವಾಗಿತ್ತು, ಅದೇ ಭಯ ಹುಟ್ಟಿಸಿತು. ಒಮ್ಮೆ ಬಂದು ನೋಡಿ ಹೋಗಿ ಎಂದಷ್ಟೇ ಹೇಳಿದರು.

ಹೋದಳು. ದುರಸ್ತಿ ಕೋಣೆಯ ಕಿಟಕಿಯ ಮೂಲೆಯಲ್ಲಿ ಒಂದು ಕಪ್ಪು ಗೆರೆ ಶುರುವಾಗಿತ್ತು. ಗೋಡೆ ಬಿರಿದಿದೆ ಎಂದುಕೊಂಡಳು. ಬಿರುಕು ಚಲಿಸುತ್ತಿತ್ತು. ಗೋಡೆಯಿಳಿದು, ನೆಲ ದಾಟಿ, ಕಪಾಟಿನ ಕಾಲು ಹತ್ತಿ, ನಲವತ್ತು ಸಂಪುಟಗಳ ಬೆನ್ನ ಮೇಲೆ ಹರಡಿ ಅದು ಸಾಮ್ರಾಜ್ಯವಾಗಿತ್ತು. ಊರಿನ ಇರುವೆ ಕುಲವೆಲ್ಲ ಓದಲು ಬಂದಿತ್ತು! ಒಂದು ಸಂಪುಟದ ಬೆನ್ನು ಅವಳೆದುರೇ ಪಕ್ಕನೆ ಬಿಚ್ಚಿಕೊಂಡು ಬಿತ್ತು. ಬೈಂಡರು ಮೂಲೆಯ ಸ್ಟೂಲಿನ ಮೇಲೆ ಕೂತು ಮೊಣಕೈ ಕೊಡವಿಕೊಳ್ಳುತ್ತಿದ್ದರು. "ಹಾಳೆಗೆ ಏನೂ ಆಗಿಲ್ಲಮ್ಮ," ಎಂದರು. "ಬೆನ್ನು ಮಾತ್ರ ತಿಂದಿವೆ. ರುಚಿಯಾಗಿತ್ತು ಅನ್ಸುತ್ತೆ."

ಯಾವ ನಿಘಂಟು ನೋಡಿದಿರಿ ಎಂದು ಗ್ರಂಥಪಾಲಕರು ಕೇಳಿದರು. ಅವಳು ಬಿಟ್ಟಿ ನಿಘಂಟಿನ ಹೆಸರು ಹೇಳಿದಳು, ಪದಭಂಡಾರಿಗಳ ಪಾಂಡಿತ್ಯವನ್ನೂ ಕೊಂಡಾಡಿದಳು. ಅವರು ಎರಡನ್ನೂ ಚೀಟಿಯಲ್ಲಿ ಬರೆದುಕೊಂಡು, ತಾವೇ ತೆರೆದು ನೋಡುತ್ತೇವೆಂದೂ, ಉಳಿದ ಹನ್ನೊಂದರ ಮಾತು ಆಮೇಲೆಂದೂ ತಿಳಿಸಿದರು. ಆ 'ಆಮೇಲೆ' ಎಂಬುದು ಅವಳ ಕಿವಿಗೆ 'ಇನ್ನಿಲ್ಲ' ಎಂದೇ ಕೇಳಿಸಿತು.

ಮನೆಗೆ ಬಂದವಳೇ ಪ್ರತಿಜ್ಞೆಗೆ ಎಳ್ಳುನೀರು ಬಿಟ್ಟು, ಮಹಾ ನಿಘಂಟಿಗೆ ಒಂದು ದಿನದ ಪ್ರವೇಶ ಕೊಂಡಳು. ಒಂದು ಜೊತೆ ಒಳ್ಳೆಯ ಚಪ್ಪಲಿಯ ಬೆಲೆ. ಬೀಗ ತೆರೆಯಿತು. ಆ ನಾಲ್ಕಕ್ಷರದ ಪದ ಅಲ್ಲಿ ಅರ್ಧ ಪುಟದ ಗೌರವದೊಂದಿಗೆ ಕೂತಿತ್ತು. ಅರ್ಥ: ಪಟಿಕ. ಕ್ಷೌರದಂಗಡಿಯಲ್ಲಿ ಗಾಯಕ್ಕೆ ಒರೆಸುವ, ನೋಡಲು ಥೇಟು ಕಲ್ಲುಸಕ್ಕರೆಯಂತೆಯೇ ಇರುವ ಅದೇ ಹರಳು. ಕೆಳಗೆ ಪಂಡಿತರು ಒಂದು ಟಿಪ್ಪಣಿಯನ್ನೂ ಸೇರಿಸಿದ್ದರು: 'ಪುಸ್ತಕ ಕಟ್ಟುವವರು ಅಂಟಿಗೆ ಬೆರೆಸುತ್ತಿದ್ದರು, ಇರುವೆ, ಹುಳ ಹತ್ತಿರ ಸುಳಿಯದಿರಲೆಂದು.'

ಅವಳು ಆ ಸಾಲನ್ನು ಮೂರು ಸಲ ಓದಿದಳು. ಮೂರು ಸಲವೂ ಇರುವೆ ಅಲ್ಲೇ ಇತ್ತು.

ದುಃಖ ಇಳಿದು ಸಿಟ್ಟು ಏರಿತು. ಪದಭಂಡಾರಿಗೆ ಬರೆದಳು: 'ಗುರುಗಳೇ, ಈ ಕಲ್ಲುಸಕ್ಕರೆ ತಮಗೆ ಎಲ್ಲಿ ಸಿಕ್ಕಿತು?' ಕಳುಹಿಸುವ ಗುಂಡಿ ಒತ್ತಿದಳು. ಪಕ್ಕದ ಕೋಣೆಯಲ್ಲಿ 'ಟಿಂಗ್' ಎಂದಿತು.

ಕಾಕತಾಳೀಯವೆಂದುಕೊಂಡು ಮತ್ತೆ ಬರೆದಳು: 'ಆಧಾರ ತಿಳಿಸಬೇಕು.' ಟಿಂಗ್.

ಈ ಸಲ ಒಂದೇ ಒಂದು ಚುಕ್ಕಿ ಕಳುಹಿಸಿದಳು. ಟಿಂಗ್. ಜೊತೆಗೆ ಅತ್ತೆಯ ಗೊಣಗು: "ಯಾರಪ್ಪಾ ಇದು, ಒಳ್ಳೆ ಮರಕುಟುಕ ಕುಟ್ಟಿದ ಹಾಗೆ."

ಬಾಗಿಲಲ್ಲಿ ನಿಂತು ನೋಡಿದಳು. ಅತ್ತೆ ಮಂಚದ ಮೇಲೆ ಕೂತಿದ್ದರು. ಮೊಣಕಾಲ ಮೇಲೆ ಟ್ಯಾಬ್ಲೆಟ್ಟು, ಪಕ್ಕದಲ್ಲಿ ಕ್ಲಿಪ್ಪು ಹಾಕಿದ ಹಾಳೆಗಳ ದಪ್ಪನೆಯ ಕಟ್ಟು. ಅವಳು ಕಸದ ಬುಟ್ಟಿಗೆ ಹಾಕಿದ ಕರಡುಗಳು. ಹಿಂಬದಿ ಖಾಲಿ ಇದೆ, ಅಂಗಡಿ ಚೀಟಿ ಬರೆಯಲು ಬರುತ್ತದೆಂದು ಅತ್ತೆ ಅವನ್ನು ಎತ್ತಿಟ್ಟುಕೊಳ್ಳುವುದು ಅವಳಿಗೆ ಗೊತ್ತಿತ್ತು. ಮುಂಬದಿಯನ್ನೂ ಓದುತ್ತಾರೆಂದು ಗೊತ್ತಿರಲಿಲ್ಲ.

"ಅತ್ತೆ," ಎಂದಳು, ದನಿ ಸೀಳಿ. "ಪದಭಂಡಾರಿ ನೀವಾ?"

ಅತ್ತೆ ಕನ್ನಡಕದ ಮೇಲಿನಿಂದ ನೋಡಿ, ಸ್ವಲ್ಪ ನಾಚಿದರು. "ಹೇಳಬಾರದು ಅಂತಲ್ಲ. ಹತ್ತು ಸಾವಿರ ನಕ್ಷತ್ರ ಆದ ಮೇಲೆ ಹೇಳೋಣ ಅಂತಿದ್ದೆ."

"ನಿಮಗೆ ಆ ಭಾಷೆ ಬರುತ್ತಾ?"

"ಒಂದಕ್ಷರ ಬರಲ್ಲ. ತಂತಿ ಆಫೀಸಲ್ಲಿ ಎಷ್ಟೋ ಭಾಷೆ ತಂತಿ ಕಳಿಸಿದೀನಿ, ಯಾವುದು ಬರ್ತಿತ್ತು ನನಗೆ? ಅರ್ಥ ನೋಡೋದು ನಮ್ಮ ಕೆಲಸ ಅಲ್ಲ ಕಣೆ. ಅಕ್ಷರ ತಪ್ಪದ ಹಾಗೆ ಆ ಕಡೆ ದಾಟಿಸೋದು."

"ನಾನು ಪ್ರಶ್ನೆ ಚಿಹ್ನೆ ಹಾಕಿದ್ನಲ್ಲ."

"ಅದನ್ನ ಹಾಕಿದ್ರೆ ನಕ್ಷತ್ರ ಕೊಡಲ್ಲ." ಅತ್ತೆ ಅವಳ ಮುಖ ನೋಡಿದರು. "ಯಾಕೆ, ತಪ್ಪಾಯ್ತಾ? ನೀನೇ ತಾನೇ ಬರೆದಿದ್ದು? ಓದಿದವಳು, ನೀನು ಬರೆದ ಮೇಲೆ ಸರಿಯಾಗೇ ಇರುತ್ತೆ ಅಂತ ನಾನು ನಂಬಿದ್ದೆ."

ಅವಳು ಅಲ್ಲೇ ನೆಲದ ಮೇಲೆ ಕೂತಳು. ಮೂರು ವರ್ಷದಿಂದ ಅವಳು ಅತ್ತೆಯನ್ನು ನಂಬಿ ಬರೆದಿದ್ದಳು. ಅತ್ತೆ ಅವಳನ್ನು ನಂಬಿ ಬರೆದಿದ್ದರು. ನಡುವೆ ಇದ್ದದ್ದು ಒಂದು ಕಸದ ಬುಟ್ಟಿ. ಅವಳು ಕೈ ಮುಗಿದ ಕಿಟಕಿ ಕನ್ನಡಿಯಾಗಿತ್ತು! ಆ ಉಯಿಲಿನ ಮುತ್ತಜ್ಜ, ಆ ಔಷಧದ ಚೀಟಿಗಳು ಒಂದೊಂದಾಗಿ ನೆನಪಾದವು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು: ಪಟಿಕ, ಇರುವೆ, ನಲವತ್ತು ಬೆನ್ನು, ಕೈತಪ್ಪುವ ಹನ್ನೊಂದು ನೋಟುಪುಸ್ತಕ.

ಅತ್ತೆ ಪೂರ್ತಿ ಕೇಳಿಸಿಕೊಂಡು ಮೆಲ್ಲನೆ ಒಂದು ಹಾಳೆ ತೆಗೆದರು. ಕೃತಜ್ಞ ಓದುಗನ ಪತ್ರಗಳನ್ನೆಲ್ಲ ಅವರು ಅದರಲ್ಲಿ ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿಕೊಂಡಿದ್ದರು. "ಹಾಗಾದ್ರೆ ಇದೂ ನೀನೇನಾ?" ಎಂದರು. "ಯಾರೋ ದೂರದ ಪ್ರೊಫೆಸರು ಅಂದ್ಕೊಂಡಿದ್ದೆ."

ಗಂಡ ಕೆಲಸದಿಂದ ಬಂದು, ವಿಷಯ ಕೇಳಿ, ಇಬ್ಬರ ಮುಖವನ್ನೂ ನೋಡಿದ. ಹಲ್ಲಿನ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಅನ್ನ ತಿನ್ನುವ ಆಸೆಯಿಂದ ನುಂಗಿಕೊಂಡ.

ರಾತ್ರಿ ಅವಳು ತಪ್ಪೊಪ್ಪಿಗೆಯ ಪತ್ರ ಬರೆದಿಟ್ಟಳು. ಬೆಳಗ್ಗೆ ಅದನ್ನು ಕೊಂಡೊಯ್ಯುವ ಮೊದಲೇ ಗ್ರಂಥಪಾಲಕರ ಫೋನು ಬಂತು.

"ಮೇಡಂ, ಕನ್ನಡಕ ಬದಲಾಯಿಸಿ ಎಷ್ಟು ದಿನ ಆಯ್ತು?"

ಅವಳು ತಬ್ಬಿಬ್ಬಾದಳು.

"ನೀವು ಹೇಳಿದ ಆ ಬಿಟ್ಟಿ ನಿಘಂಟು ನಿನ್ನೆ ಸಂಜೆ ತೆಗೆದು ನೋಡಿದೆ. ಸ್ಪಷ್ಟವಾಗಿ ಪಟಿಕ ಅಂತಿದೆ. ಇರುವೆ ಬರಬಾರದು ಅಂತಲೇ ಹಾಕೋದು ಅಂತ ವಿವರಣೆ ಬೇರೆ. ಪದಭಂಡಾರಿ ಅನ್ನೋರು ಬರೆದಿದಾರೆ. ಅಂಥಾ ವಿದ್ವಾಂಸರು ಬಾಯಿಗಿಟ್ಟರೂ ನಿಮಗೆ ನುಂಗೋಕೆ ಆಗಲಿಲ್ಲವಲ್ಲ."

ಅವಳು ಅತ್ತೆಯ ಕಡೆ ತಿರುಗಿದಳು. ತಪ್ಪು ಹೋದ ತಂತಿಯನ್ನು ಅದೇ ಗಳಿಗೆಯಲ್ಲಿ ತಿದ್ದಿ ಕಳಿಸಬೇಕೆಂಬುದು ಇಲಾಖೆಯ ನಿಯಮವೆಂದು ಅತ್ತೆ ಪಿಸುದನಿಯಲ್ಲಿ ವಿವರಿಸಿದರು. ಅದಕ್ಕೂ ಒಂದು ನಕ್ಷತ್ರ ಬಂದಿತ್ತು.

ಗ್ರಂಥಪಾಲಕರು ಮುಂದುವರಿಸಿದರು. ಬೈಂಡರು ಪಟಿಕದ ಅಂಟು ಹಾಕಿ ಹೊಸದಾಗಿ ಕಟ್ಟಲು ಒಪ್ಪಿದ್ದಾರೆ. ಹನ್ನೊಂದು ನೋಟುಪುಸ್ತಕಗಳೂ ಅವಳಿಗೇ ಸಿಗುತ್ತವೆ, ಆದರೆ ಒಂದು ಷರತ್ತು. ಪ್ರತಿ ಪುಟವನ್ನೂ ಪದಭಂಡಾರಿಗಳು ಪರಿಶೀಲಿಸಿ ಸಹಿ ಹಾಕಬೇಕು. ಮುಖಪುಟದಲ್ಲಿ ಅವರ ಹೆಸರು ಮೇಲೆ, ಅವಳದು ಕೆಳಗೆ. ಅವರ ವಿಳಾಸ ಪತ್ತೆ ಮಾಡಿಕೊಡಲು ಸಾಧ್ಯವೇ?

"ಸರ್," ಎಂದಳು ಅವಳು. "ಇದು ಫೋನಲ್ಲಿ ಹೇಳೋ ವಿಷಯ ಅಲ್ಲ. ನಾನೇ ಬಂದು ಎಲ್ಲ ನಿಜ ಹೇಳ್ತೀನಿ."

ಫೋನಿಟ್ಟು ತಿರುಗಿದರೆ ಅತ್ತೆ ಆಗಲೇ ಇಸ್ತ್ರಿ ಸೀರೆ ಉಟ್ಟು, ಕೈಚೀಲ ಹಿಡಿದು ಬಾಗಿಲಲ್ಲಿದ್ದರು. ನಿಜ ಹೇಳುವುದೇ ಆದರೆ ಪೂರ್ತಿ ಹೇಳಬೇಕು, ತಾನಿಲ್ಲದೆ ಅರ್ಧ ನಿಜವಾದೀತು ಎಂಬುದು ಅವರ ವಾದ. "ನೀನು ನಿನ್ನ ತಪ್ಪು ಹೇಳು, ನಾನು ನನ್ನ ತಪ್ಪು ಹೇಳ್ತೀನಿ. ಹೆಸರು ಮೇಲೆ ಹಾಕೋದೋ ಕೆಳಗೆ ಹಾಕೋದೋ ಆಮೇಲೆ ಅವರೇ ನೋಡ್ಕೊಳ್ಳಲಿ. ಒಟ್ಟಿನಲ್ಲಿ ಇನ್ಮೇಲೆ ನನಗೆ ಹಾಳೆ ಬುಟ್ಟಿಯಿಂದ ಬೇಡ, ಕೈಗೆ ಕೊಡು." ಹೀಗೆ ಹೇಳಿ ಚೀಲವನ್ನು ಸೊಸೆಯ ಕೈಗೆ ದಾಟಿಸಿ, ಸರಸರನೆ ಮೆಟ್ಟಿಲಿಳಿದರು.

ಗಂಡನಿಗೆ ಇನ್ನು ತಡೆಯಲಾಗಲಿಲ್ಲ. "ಅಲ್ವೇ, ಹಾಗಾದ್ರೆ ಈ ಮನೇಲಿ ವಿದ್ವಾಂಸರು ಯಾರು ಅಂತ ಆಯ್ತು?"

"ಯಾರು ಅಂದ್ರೆ..." ಎಂದು ಅವಳು ಚೀಲವನ್ನು ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ, "ಅದು, ನೋಡಿ, ಹೇಗಂದ್ರೆ, ನಾನು ಹೇಳಿದ್ದನ್ನ ಅವರು, ಅವರು ಹೇಳಿದ್ದನ್ನ ನಾನು..." ಎನ್ನುತ್ತ ಅತ್ತೆಯ ಹಿಂದೆ ಮೆಟ್ಟಿಲಿಳಿದಳು.