ಮಗಳು ಚರ್ಚೆ ಗೆದ್ದಳು, ಮೊಬೈಲ್ ಹೋಯಿತು

ಶ್ರೀಕೃಷ್ಣಾ, ಬೆಣ್ಣೆ ಕದ್ದರೂ ತಾಯಿಯ ಹಗ್ಗಕ್ಕೆ ಸುಮ್ಮನೆ ಮೈಯೊಡ್ಡಿದವನೇ, ಮೊದಲ ನಮಸ್ಕಾರ ನಿನಗೆ. ಈಗಿನ ಮಕ್ಕಳನ್ನು ಕಟ್ಟಿಹಾಕಲು ಕಾನೂನೇ ಬೇಕಂತೆ. ಆ ಮಾತು ಎದ್ದಾಗಲೆಲ್ಲ ಗಲ್ಫ್ ನಾಡಿನ ನಮ್ಮ ಅಲ್ ಬರ್ಷಾದ ಕಟ್ಟಡದಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ.

ಆರತಿ

ನಮ್ಮ ಮನೆಯ ಶನಿವಾರದ ಭಜನೆಯಲ್ಲಿ, ಎದುರು ಫ್ಲಾಟಿನ ಇನ್ಶೂರೆನ್ಸ್ ಆಫೀಸಿನವರು ಹೇಳಿದರು: "ಹದಿನಾರು ತುಂಬುವ ತನಕ ಮಕ್ಕಳಿಗೆ ಸೋಶಿಯಲ್ ಮೀಡಿಯಾ ಬೇಡ. ಎಲ್ಲ ದೇಶದಲ್ಲೂ ಕಾನೂನು ಬರ್ಬೇಕು ಅಕ್ಕಾ. ಖಲಾಸ್!"

ಎಲ್ಲರೂ ತಲೆಯಾಡಿಸಿದರು. ಆರತಿ ತಟ್ಟೆ ಬಂದಾಗ ಒಬ್ಬೊಬ್ಬರೂ ಮೊದಲು ವಿಡಿಯೋ ತೆಗೆದು, ಆಮೇಲೆ ಕೈಯೊಡ್ಡಿದರು. ನನ್ನ ಬಳಿ ಬರುವಷ್ಟರಲ್ಲಿ ಕರ್ಪೂರ ಆರಿತ್ತು. ಪಕ್ಕದಲ್ಲಿದ್ದ ಆ ಇನ್ಶೂರೆನ್ಸಿನವರ ಮೊಬೈಲ್ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಒಳ್ಳೆ ಬಿಸಿ ಇತ್ತು.

ಬಹುಮಾನ

ಕನ್ನಡ ಕೂಟದಲ್ಲಿ ಮಕ್ಕಳಿಗೆ ಇದೇ ವಿಷಯದ ಚರ್ಚಾಸ್ಪರ್ಧೆ. ದೇವರಿಗೆ ಹೆದರುವವಳು, ಪಕ್ಷಪಾತ ಮಾಡಲಾರಳು ಎಂದು ನನ್ನನ್ನೇ ತೀರ್ಪಿಗೆ ಕೂರಿಸಿದರು. ಎದುರು ಫ್ಲಾಟಿನ ಆ ಇನ್ಶೂರೆನ್ಸಿನವರ ಹದಿನಾಲ್ಕರ ಮಗಳಿಗೆ ತನ್ನ ಯಕ್ಷಗಾನದ ಕುಣಿತ ಹಾಕುವ ಅಕೌಂಟೆಂದರೆ ಜೀವ. ಚೀಟಿ ಎತ್ತಿದರೆ ಕಾನೂನಿನ ಪರ ಮಾತಾಡುವ ಸರದಿ! ಆದರೂ, "ಲೈಕಿಗಾಗಿ ಕಾಯುವ ಬಾಲ್ಯವೂ ಒಂದು ಬಾಲ್ಯವೇ?" ಎಂದು ಗುಡುಗಿದಳು. ಮೊದಲ ಬಹುಮಾನ.

ಅಪ್ಪ ಒದ್ದೆ ಕಣ್ಣಲ್ಲಿ ವೇದಿಕೆಗೇ ಬಂದರು. "ಮಗಳು ನನ್ನ ಕಣ್ಣು ತೆರೆಸಿದಳು. ಯಲ್ಲಾ ಮಗಾ, ಬೇಗ ಬೇಗ, ಮೊಬೈಲ್ ಕೊಡು."

"ಪಪ್ಪಾ, ಇಟ್ ವಾಸ್ ಜಸ್ಟ್ ಎ ಡಿಬೇಟ್!"

ಮೊಬೈಲ್ ಅಪ್ಪನ ಕಿಸೆ ಸೇರಿತು. ಗೆದ್ದವಳು ಅಳುತ್ತಿದ್ದಳು. ಸೋತವಳು ಸೆಲ್ಫಿ ಹಾಕುತ್ತಿದ್ದಳು.

ನ್ಯಾಯ

ಮರುದಿನ ಅಪ್ಪ, ಮಗಳು ಇಬ್ಬರೂ ನಮ್ಮ ಮನೆಯಲ್ಲಿ.

"ನೋಡಿ ಅಕ್ಕಾ, ಬಹುಮಾನದ ಫೋಟೋ ಹಾಕಿದ್ದೇನೆ. ಊರಿಂದೆಲ್ಲ ಲೈಕ್!" ಎಂದರು ಅವರು.

"ಆಂಟಿ," ಎಂದಳು ಮಗಳು, "ಹದಿನಾರರ ಒಳಗಿನವರು ಅಲ್ಲಿ ಇರ್ಬಾರ್ದು ಅಲ್ವಾ? ಮತ್ತೆ ಪಪ್ಪನ ಅಕೌಂಟಲ್ಲಿ ನಾನ್ಯಾಕಿದ್ದೇನೆ?"

ಧರ್ಮದ ಮಾತು. ನಾನು ಅಪ್ಪನ ಮುಖ ನೋಡಿದೆ.

"ತೆಗೀತೇನೆ, ಅದಕ್ಕೇನು!" ಎಂದು ಒಂದೊಂದೇ ಫೋಟೋ ಅಳಿಸಲು ಶುರುಮಾಡಿದರು. ಬಹುಮಾನ ಹೋಯಿತು. ಹುಟ್ಟುಹಬ್ಬಗಳು ಹೋದವು. ಮೊದಲ ಹಲ್ಲು ಬಂದದ್ದು, ಅದೇ ಹಲ್ಲು ಬಿದ್ದದ್ದು, ತೊಟ್ಟಿಲು, ನಾಮಕರಣ, ಎಲ್ಲ ಹೋಯಿತು. ಕೊನೆಗೆ ಉಳಿದದ್ದು ಅವರ ಕಾರು ಮತ್ತು ಒಂದು ತಟ್ಟೆ ಅಂಜಲ್ ಮೀನಿನ ಫ್ರೈ.

"ಕಾರಿನ ಗಾಜಲ್ಲಿ ನಾನು ಕಾಣ್ತೇನೆ ಪಪ್ಪಾ," ಎಂದಳು ಮಗಳು ಮೆಲ್ಲಗೆ.

ಅವರ ಬೆರಳು ನಿಂತಿತು. ಸ್ವಲ್ಪ ಹೊತ್ತು ಆ ಮೀನನ್ನೇ ನೋಡಿದರು. ಆಮೇಲೆ ಕಿಸೆಯಿಂದ ಅವಳ ಮೊಬೈಲ್ ತೆಗೆದು ಅವಳ ಕೈಗಿಟ್ಟು, ನನ್ನತ್ತ ತಿರುಗಿ ಬಹಳ ವಿನಯದಿಂದ ಹೇಳಿದರು: "ಕಾನೂನು ಮಾಡೋದು ಸರ್ಕಾರದ ಕೆಲಸ ಅಲ್ವಾ ಅಕ್ಕಾ? ಅದಕ್ಕಿಂತ ಮುಂದೆ ನಾವು ಓಡಬಾರದು."

ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರ ಮನೆಗಳಲ್ಲಿ ಹೆತ್ತವರೂ ಮಕ್ಕಳೂ ಮುಖ ಮುಖ ನೋಡಿ ನಗುವಂತೆ ಭಗವಂತ ಹರಸಲಿ.