ಬಳಕೆ ತಪ್ಪಿದ ಬೀಸುಕಲ್ಲು

ತರಬೇತಿ ಎಂದರೆ ನನಗೆ ಮೊದಲಿನಿಂದಲೂ ಪ್ರೀತಿ. ಇಪ್ಪತ್ತು ವರ್ಷ ಪಾಠ ಹೇಳಿ ಗಂಟಲು ಒಣಗಿಸಿಕೊಂಡ ಮಾಸ್ತರನಿಗೆ, ಇನ್ನೊಬ್ಬರು ಹೇಳುವಾಗ ಹಿಂದಿನ ಕುರ್ಚಿಯಲ್ಲಿ ತೂಕಡಿಸುವ ಸುಖ ಬೇರೆಲ್ಲಿ ಸಿಕ್ಕೀತು? ಹಾಗಾಗಿ ಜಿಲ್ಲಾ ಕೇಂದ್ರದ ವಸ್ತುಸಂಗ್ರಹಾಲಯವೊಂದು ‘ಮುಟ್ಟಿ ಕಲಿಯೋಣ’ ಎಂಬ ಕಾರ್ಯಾಗಾರ ಇಟ್ಟಾಗ, ಝಳಕಿ ಹತ್ತಿರದ ನಮ್ಮ ಶಾಲೆಯಿಂದ ನಾನೇ ಮುಂದಾಗಿ ಹೆಸರು ಕೊಟ್ಟೆ. ಒಂದೇ ತೊಡಕು: ಅಲ್ಲಿನ ಮಕ್ಕಳ ವಿಭಾಗಕ್ಕೆಂದು ಪ್ರತಿಯೊಬ್ಬ ಶಿಕ್ಷಕರೂ ಮನೆಯಲ್ಲಿ ಬಳಕೆ ತಪ್ಪಿದ ಹಳೆಯ ವಸ್ತುವೊಂದನ್ನು ತರಬೇಕಿತ್ತು.

ಸಿಂದಗಿಯವರು ಕಂದೀಲು ತರುತ್ತಾರೆ, ಮುದ್ದೇಬಿಹಾಳದವರು ಅಜ್ಜನ ಕೊಳಗ ತರುತ್ತಾರೆ ಎಂದು ಸುದ್ದಿ ಬಂತು. ಇಂಡಿ ತಾಲೂಕಿನ ಮಾನ ನನ್ನ ಮೇಲೆ! ಹೆಂಡತಿ ಮಹಾದೇವಿ ತವರುಮನೆ ತಂಗಡಗಿಗೆ ಹೋಗಿದ್ದಳು. ಅಡುಗೆಮನೆಯ ಮೂಲೆಯಲ್ಲಿ ಬೀಸುಕಲ್ಲು ಕಂಡಿತು. ಅದನ್ನು ಯಾರಾದರೂ ಬಳಸಿದ್ದನ್ನು ನಾನು ನೋಡಿರಲಿಲ್ಲ. ನೋಡಬೇಕಾದರೆ ಅಡುಗೆಮನೆಗೆ ಹೋಗಬೇಕಿತ್ತಲ್ಲ.

ಕಾರ್ಯಾಗಾರದಲ್ಲಿ ಆ ಕಲ್ಲಿನ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದೆ. ಚಪ್ಪಾಳೆ ಬಿತ್ತು. ಸಂಗ್ರಹಾಲಯದ ಮೇಡಂ ಫಲಕ ಬರೆಸಿದರು: ‘ಹಿಂದಿನ ಕಾಲದ ಹೆಣ್ಣುಮಕ್ಕಳು ಕಾಳು ಬೀಸುತ್ತಿದ್ದ ಕಲ್ಲು. ಮುಟ್ಟಬಾರದು.’ ‘ಮುಟ್ಟಿ ಕಲಿಯೋಣ’ ಬ್ಯಾನರಿನ ಕೆಳಗೇ ಅದನ್ನಿಟ್ಟರು. ಯಾರಿಗೂ ಏನೂ ಅನ್ನಿಸಲಿಲ್ಲ. ನಾವೆಲ್ಲ ಪ್ರಮಾಣಪತ್ರದ ಸಾಲಿನಲ್ಲಿದ್ದೆವು.

ಮಹಾದೇವಿ ತವರಿನಿಂದ ಒಂದು ಚೀಲ ತೊಗರಿ ತಂದಳು.

“ಕಲ್ಲ ಎಲ್ಲಿ ಹೋತ್ರಿ? ಬ್ಯಾಳಿ ಒಡೀಬೇಕು.”

“ಮ್ಯೂಜಿಯಂನಾಗ ಐತಿ. ಮಕ್ಕಳು ನೋಡ್ತಾವ.”

“ನಮ್ಮವ್ವ ಕೊಟ್ಟ ಕಲ್ಲದು. ಅದರಾಗ ಒಡದ ಬ್ಯಾಳೀನ ನೀವು ದಿನಾ ಉಣ್ಣಾಕತ್ತೀರಿ. ಗೊತ್ತೈತೇನು?”

ಗೊತ್ತಿರಲಿಲ್ಲ. ಕಲ್ಲು ಬರುವತನಕ ಈ ಮನೆಯಲ್ಲಿ ಬೇಳೆ ಬೇಯುವುದಿಲ್ಲ ಎಂದವಳು ಆಮೇಲೆ ಮಾತೇ ನಿಲ್ಲಿಸಿದಳು. ರೊಟ್ಟಿಗೆ ಬರೀ ಖಾರ ಹಚ್ಚಿಕೊಂಡು ಹದಿನೈದು ದಿನ ಕಳೆದೆ. ನಾಲಿಗೆ ಉರಿದದ್ದಕ್ಕಿಂತ ಅವಳ ಮೌನಕ್ಕೇ ಹೆಚ್ಚು ಸಂಕಟವಾಯಿತು. ಅವ್ವ ಕೊಟ್ಟದ್ದನ್ನು ಒಂದು ಮಾತೂ ಕೇಳದೆ ಹೊತ್ತೊಯ್ದಿದ್ದೆನಲ್ಲ!

ನಮ್ಮ ಶಾಲೆಯ ಮಕ್ಕಳನ್ನು ಸಂಗ್ರಹಾಲಯ ತೋರಿಸಲು ಕರೆದೊಯ್ದ ದಿನ ಅವಳೂ ಬಸ್ಸು ಹತ್ತಿದಳು, ಸೆರಗಿನಲ್ಲಿ ತೊಗರಿ ಕಟ್ಟಿಕೊಂಡು. ನಾನು ಕಲ್ಲಿನ ಮುಂದೆ ನಿಂತು ಭಾಷಣ ಶುರುಮಾಡಿದೆ. ಐದನೆಯ ತರಗತಿಯ ಹುಡುಗಿ ನಡುವೆಯೇ ಕೇಳಿದಳು: “ಸರ್, ನೀವ ಬೀಸಿ ತೋರಸ್ತೀರೇನ್ರಿ?”

ಮಕ್ಕಳು ಪ್ರಶ್ನೆ ಕೇಳುವಂತಾಗಬೇಕು ಎಂದು ಕಾರ್ಯಾಗಾರದಲ್ಲಿ ಹೇಳಿದ್ದರು, ನಿಜ. ಕೂತೆ. ಮಹಾದೇವಿ ಸೆರಗಿನ ಗಂಟು ಬಿಚ್ಚಿ ತೊಗರಿ ಕೊಟ್ಟಳು. ನಡುವಿನ ತೂತಿಗೆ ಹಾಕಬೇಕಾದ ಕಾಳನ್ನು ಅಂಚಿಗೆ ಸುರಿದೆ. ಜೋರಾಗಿ ತಿರುಗಿಸಲು ಹೋದರೆ ಗೂಟವೇ ಕಿತ್ತು ಕೈಗೆ ಬಂತು. ಮಕ್ಕಳು ಬಿದ್ದು ಬಿದ್ದು ನಕ್ಕವು.

“ಸರೀರಿ ಅತ್ತಾಗ,” ಎಂದಳು ಮಹಾದೇವಿ. ಹದಿನೈದು ದಿನದ ಮೇಲೆ ಆಡಿದ ಮೊದಲ ಮಾತು! ಗೂಟ ಬಡಿದು ಕೂಡಿಸಿ ಬೀಸತೊಡಗಿದಳು. “ಬರ್ರಿ, ಮುಟ್ರಿ, ಏನೂ ಆಗಂಗಿಲ್ಲ.” ಮಕ್ಕಳು ಮುಗಿಬಿದ್ದವು. ಬಸವನ ಬಾಗೇವಾಡಿಯಿಂದ ಬಂದಿದ್ದ ಶಾಲೆಯವರೂ ಸಾಲು ಹಚ್ಚಿದರು. ಮೇಡಂ ಫೋಟೊ ಹೊಡೆದು, “ಪ್ರತಿ ತಿಂಗಳು ಬರ್ತೀರಾ?” ಎಂದರು.

“ಬರ್ತೇನ್ರಿ. ಕಲ್ಲ ಮಾತ್ರ ನಮ್ಮ ಮನ್ಯಾಗ ಇರ್ತೈತಿ.”

ಬಸ್ಸಿನಲ್ಲಿ ಅದು ನನ್ನ ತೊಡೆಯ ಮೇಲೆ ಬಂತು. ಆ ಚೀಲದ ತೊಗರಿಯನ್ನೆಲ್ಲ ಒಡೆಯುವ ಕೆಲಸವೂ ನನಗೇ ಬಂತು. ಮೊನ್ನೆ ಸಂಗ್ರಹಾಲಯದಿಂದ ನಮೂನೆಯೊಂದು ಬಂದಿದೆ: ‘ಕಾರ್ಯಕ್ರಮದಿಂದ ಹೆಚ್ಚು ಕಲಿತವರು ಯಾರು? ಮಕ್ಕಳು / ಶಿಕ್ಷಕರು.’ ಇಂಥ ನಮೂನೆಗಳಲ್ಲಿ ಇಪ್ಪತ್ತು ವರ್ಷದಿಂದ ಕಣ್ಣುಮುಚ್ಚಿ ‘ಮಕ್ಕಳು’ ಎಂದೇ ಗುರುತು ಹಾಕಿದವನು ನಾನು. ಈ ಸಲ ‘ಶಿಕ್ಷಕರು’ ಎಂದು ಹಾಕಿದೆ. ಬಲಗೈ ಮೇಲೇಳುತ್ತಿರಲಿಲ್ಲ, ಎಡಗೈಯಲ್ಲೇ ಹಾಕಿದೆ.